ರೋಗಾಣುಗಳ ಬಗ್ಗೆ ಮಕ್ಕಳ ನಗೆನಾಟಕ: ಯುದ್ಧ ಬಿಟ್ಟು ಬೇರೆ ಐಡಿಯಾ ಕೊಡಿ

ಬೋರ್ಡ್‌ಡಸ್ಟರ್
ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಎಂಟನೇ ಕ್ಲಾಸಿನ ಮಕ್ಕಳಿಂದ ಒಂದು ಚಿಕ್ಕ ನಾಟಕ ಮಾಡಿಸಬೇಕು. ರೋಗಾಣು ಮೈಯೊಳಗೆ ಬಂದಾಗ ಏನಾಗುತ್ತದೆ ಅನ್ನೋದು ವಿಷಯ. ಹೋದ ವರ್ಷ ಇದನ್ನೇ ಯುದ್ಧ ಅಂತ ಮಾಡಿಸಿದ್ದರು. ರಟ್ಟಿನ ಕತ್ತಿ, "ಎಲೈ ದುಷ್ಟ ವೈರಸ್ಸೇ" ಅಂತ ಡೈಲಾಗು, ಕೊನೆಗೆ ವೈರಸ್ ದೊಪ್ಪನೆ ಬೀಳುತ್ತದೆ, ಚಪ್ಪಾಳೆ. ಮುಂದಿನ ಸಾಲಿನಲ್ಲಿದ್ದ ಎಸ್‌ಡಿಎಂಸಿ ಅಧ್ಯಕ್ಷರು ಗೊರಕೆ ಹೊಡೆಯುತ್ತಿದ್ದರು.

ಈ ಸಲ ಯುದ್ಧ ಬೇಡ, ನಗು ಬೇಕು. ಆದರೆ ವಿಜ್ಞಾನ ತಪ್ಪಬಾರದು. ಬಿಳಿ ರಕ್ತಕಣ, ಪ್ರತಿಕಾಯ (ಆಂಟಿಬಾಡಿ), ಜ್ವರ ಇವಕ್ಕೆಲ್ಲ ಯಾವ ಪಾತ್ರ ಕೊಡಬಹುದು?

ತಿಂಡಿಪೋತ
ಮದುವೆ ಮನೆ ಮಾಡಿ ಸಾರ್. ಕರೆಯದೇ ಊಟಕ್ಕೆ ಬಂದವರು ರೋಗಾಣುಗಳು. ಹೆಣ್ಣಿನ ಕಡೆಯವರು ಕೇಳಿದರೆ ಗಂಡಿನ ಕಡೆ ಅನ್ನೋದು, ಗಂಡಿನ ಕಡೆಯವರು ಕೇಳಿದರೆ ಹೆಣ್ಣಿನ ಕಡೆ ಅನ್ನೋದು. ಹಾಸ್ಟೆಲ್‌ನಲ್ಲಿದ್ದಾಗ ನಾವು ಬದುಕಿದ್ದೇ ಹೀಗೆ.

ಪೇಡಾಪ್ರಿಯ
ಯುದ್ಧ ಯಾಕೆ ಬೇಡ ಅಂತೀರಿ? ಮಕ್ಕಳ ಕೈಗೆ ಕತ್ತಿ ಕೊಟ್ಟರೆ ಎಷ್ಟು ಖುಷಿ. ಮದುವೆ ಅಂದರೆ ಸೀರೆ, ಪಂಚೆ, ಹೂವು ಅಂತ ಸುಮ್ನೆ ಖರ್ಚು.

ಲ್ಯಾಬ್‌ಕೋಟು
ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ನನ್ನ ವೋಟು ಮದುವೆ ಮನೆಗೆ. ತಿಂಡಿಪೋತ ಅವರು ತಮಾಷೆಗೆ ಹೇಳಿರಬಹುದು, ಆದರೆ ಅದು ನಿಜಕ್ಕೂ ನಡೆಯುತ್ತದೆ. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಬ್ಯಾಕ್ಟೀರಿಯಾ ಮೈತುಂಬ ಹಯಲುರಾನಿಕ್ ಆಸಿಡ್ ಹೊದ್ದುಕೊಂಡು ಬರುತ್ತದೆ. ಅದೇ ವಸ್ತು ನಮ್ಮ ಚರ್ಮದಲ್ಲೂ ಕೀಲುಗಳಲ್ಲೂ ಇದೆ. ನಮ್ಮ ಮನೆಯದೇ ರೇಷ್ಮೆ ಶಲ್ಯ ಹಾಕಿಕೊಂಡು ಪಂಕ್ತಿಯಲ್ಲಿ ಕೂತವನನ್ನು ಯಾರು ಎಬ್ಬಿಸುತ್ತಾರೆ ಹೇಳಿ.

ಯುದ್ಧ ಯಾಕೆ ಬೇಡ ಅಂದರೆ, ಯುದ್ಧದಲ್ಲಿ ಎರಡು ಕಡೆ ಇರುತ್ತವೆ. ಇಲ್ಲಿ ಹಾಗಿಲ್ಲ. ನಮ್ಮ ಜೀವಕೋಶಗಳು ಎಷ್ಟಿವೆಯೋ ಹೆಚ್ಚುಕಮ್ಮಿ ಅಷ್ಟೇ ಬ್ಯಾಕ್ಟೀರಿಯಾ ನಮ್ಮೊಳಗೆ ಇವೆ. ಬಹುಪಾಲು ಕರುಳಲ್ಲಿ ಸಂಸಾರ ಹೂಡಿವೆ. ಅವಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು ವಿಷಯ. ನೆಗಡಿ ತರುವ ರೈನೋವೈರಸ್ ಮೂಗಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಕೆಡಿಸುತ್ತದೆ, ಅಷ್ಟೇ. ಸೀನು, ಸುರಿಯುವ ಮೂಗು, ಗಂಟಲು ಕೆರೆತ ಮುಕ್ಕಾಲು ಪಾಲು ನಮ್ಮ ಕಡೆಯವರದೇ ಕೆಲಸ. ಅವನು ಕದ್ದದ್ದು ಒಂದು ಲಾಡು. ಹಿಡಿಯಲು ಹೋಗಿ ಮನೆಯವರು ಶಾಮಿಯಾನ ಬೀಳಿಸಿದರು. ಮೇಷ್ಟ್ರೇ, ನಿಮ್ಮ ನಗು ಅಲ್ಲಿದೆ.

ಬೋರ್ಡ್‌ಡಸ್ಟರ್
ಮೇಡಂ, ಶಾಮಿಯಾನ ಬೀಳುವ ಸೀನ್ ಈಗಲೇ ಪಕ್ಕಾ. ಮೊದಲು ಓಡಿ ಬರುವ ಬಿಳಿ ರಕ್ತಕಣ, ಅಂದರೆ ನ್ಯೂಟ್ರೋಫಿಲ್‌ಗಳಿಗೆ ಏನು ವೇಷ?

ಲ್ಯಾಬ್‌ಕೋಟು
ಓಣಿಯ ಹುಡುಗರು. ಗಲಾಟೆ ಅಂದ ತಕ್ಷಣ ಯಾಕೆ ಏನು ಅಂತ ಕೇಳದೆ ನುಗ್ಗುವವರು. ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರು ಮಾಡುತ್ತದೆ. ಅವುಗಳ ಆಯಸ್ಸು ತುಂಬ ಕಮ್ಮಿ. ಬರುತ್ತಾರೆ, ಸಿಕ್ಕಿದ್ದನ್ನು ನುಂಗುತ್ತಾರೆ, ಬ್ಲೀಚಿಂಗ್ ಪುಡಿಯ ಜಾತಿಯದೇ ರಾಸಾಯನಿಕ ಉಗುಳುತ್ತಾರೆ, ಅಕ್ಕಪಕ್ಕದವರಿಗೂ ಸಿಡಿಯುತ್ತದೆ, ಸಾಯುತ್ತಾರೆ. ಗಾಯದಲ್ಲಿ ಕಾಣುವ ಕೀವು ಬಹುಪಾಲು ಇವರ ಹೆಣಗಳೇ.

2004ರಲ್ಲಿ ಇವರ ಇನ್ನೊಂದು ವಿದ್ಯೆ ಗೊತ್ತಾಯಿತು. ಏನೂ ದಾರಿ ಕಾಣದಿದ್ದರೆ ತನ್ನ ಡಿಎನ್‌ಎಯನ್ನೇ ಬಿಚ್ಚಿ ಬಲೆಯ ಹಾಗೆ ಬ್ಯಾಕ್ಟೀರಿಯಾ ಮೇಲೆ ಎಸೆಯುತ್ತದೆ. ಬಹಳ ಸಲ ಎಸೆದದ್ದೇ ಸಾಯುತ್ತದೆ. ಉಟ್ಟ ಪಂಚೆ ಬಿಚ್ಚಿ ಕಳ್ಳನ ಮೇಲೆ ಎಸೆದು ತಾನೂ ಮೂರ್ಛೆ ಹೋದ ಹಾಗೆ.

ಪೇಡಾಪ್ರಿಯ
ಈಗ ಬಂತು ನೋಡಿ ನಾಟಕ. ಕತ್ತಿ ವಾಪಸ್ ತಗೊಂಡೆ.

ಇಬ್ಬರಮ್ಮ
ನಾಟಕದ ಮಧ್ಯೆ ನನ್ನ ಗೋಳು. ಅಂಗನವಾಡಿಗೆ ಹೋಗೋಕೆ ಶುರು ಮಾಡಿದ ಮೇಲೆ ಸಣ್ಣವನ ಮೂಗು ಒಣಗಿದ್ದೇ ಇಲ್ಲ. ಈಗ ಸಿಂಬಳ ಹಸಿರಾಗಿದೆ. ಹಸಿರಾದರೆ ಆಂಟಿಬಯೋಟಿಕ್ ಬೇಕು ಅಂತ ನಮ್ಮತ್ತೆ. ನಿಜನಾ?

ಲ್ಯಾಬ್‌ಕೋಟು
ಹಸಿರು ಬಣ್ಣ ಬ್ಯಾಕ್ಟೀರಿಯಾದ್ದಲ್ಲ, ನಮ್ಮ ಓಣಿಯ ಹುಡುಗರದೇ. ನ್ಯೂಟ್ರೋಫಿಲ್ ಒಳಗೆ ಮೈಲೋಪೆರಾಕ್ಸಿಡೇಸ್ ಅಂತ ಒಂದು ಕಿಣ್ವ ಇದೆ. ಅದರಲ್ಲಿ ಕಬ್ಬಿಣ ಇರುತ್ತದೆ, ಬಣ್ಣ ಹಸಿರು. ತುಂಬ ಹುಡುಗರು ಸತ್ತರೆ ಸಿಂಬಳ ಹಸಿರು. ವೈರಸ್ ನೆಗಡಿಯಲ್ಲೂ ಹೀಗಾಗುತ್ತದೆ. ಆಂಟಿಬಯೋಟಿಕ್‌ಗೂ ವೈರಸ್‌ಗೂ ಸಂಬಂಧವೇ ಇಲ್ಲ. ಬರೀ ಬಣ್ಣ ನೋಡಿ ಔಷಧಿ ಬೇಡ. ಜ್ವರ ಇಳಿಯದಿದ್ದರೆ, ಉಸಿರಾಟ ಜೋರಾದರೆ, ಮಗು ಊಟ ಬಿಟ್ಟು ಮಂಕಾದರೆ ಡಾಕ್ಟರಿಗೆ ತೋರಿಸಿ.

ಔಷಧಿಅಂಗಡಿ
ನಮ್ಮ ಅಂಗಡಿಗೆ ದಿನಾ ಬರುವ ಡೈಲಾಗು: "ಒಂದು ಆಂಟಿಬಯೋಟಿಕ್ ಕೊಡಿ. ಪೂರ್ತಿ ಶೀಟ್ ಬೇಡ, ಎರಡು ಸಾಕು." ಚೀಟಿ ಎಲ್ಲಿ ಅಂದರೆ "ಪಕ್ಕದ ಮನೆಯವರಿಗೆ ಇದೇ ಕೊಟ್ಟಿದ್ದರು" ಅಂತಾರೆ. ಮೇಷ್ಟ್ರೇ, ಇದನ್ನೂ ಸೇರಿಸಿ. ನಾನೇ ಬಂದು ಆ ಪಾರ್ಟು ಮಾಡುತ್ತೇನೆ.

ಹಳೇಮೈಸೂರು
ಓಣಿಯ ಹುಡುಗರಂಥ ಕೋಶಗಳು ನುಂಗುತ್ತವೆ ಅಂತ ಮೊದಲು ಕಂಡವರ ಕಥೆ ನಾಟಕಕ್ಕಿಂತ ಚೆನ್ನಾಗಿದೆ. 1882, ಇಟಲಿಯ ಮೆಸ್ಸಿನಾ. ರಷ್ಯಾದ ವಿಜ್ಞಾನಿ ಇಲ್ಯಾ ಮೆಕ್ನಿಕಾಫ್ ಮನೆಯಲ್ಲಿ ಒಬ್ಬರೇ ಇದ್ದರು. ನಕ್ಷತ್ರಮೀನಿನ ಮರಿಯ ಮೈ ಗಾಜಿನ ಹಾಗೆ ಪಾರದರ್ಶಕ. ತೋಟದಿಂದ ಗುಲಾಬಿ ಮುಳ್ಳು ಕಿತ್ತು ತಂದು ಅದಕ್ಕೆ ಚುಚ್ಚಿದರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕೋಶಗಳು ಮುತ್ತಿಕೊಂಡಿವೆ! 1908ರಲ್ಲಿ ನೊಬೆಲ್ ಬಂತು, ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡರು. ಮಜಾ ಏನೆಂದರೆ ಆ ಕಾಲದಲ್ಲಿ ಎರಡು ಪಂಗಡ. ಮೆಕ್ನಿಕಾಫ್ ಕಡೆಯವರು ನುಂಗುವ ಕೋಶಗಳೇ ಎಲ್ಲ ಅಂದರು. ಎರ್ಲಿಕ್ ಕಡೆಯವರು ರಕ್ತದಲ್ಲಿರುವ ಪ್ರತಿಕಾಯವೇ ಎಲ್ಲ ಅಂದರು. ನೊಬೆಲ್ ಕಮಿಟಿಯವರು ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರು.

ಆಮೇಲೆ ಇದೇ ಮೆಕ್ನಿಕಾಫ್ ಮೊಸರು ತಿಂದರೆ ಆಯಸ್ಸು ಜಾಸ್ತಿ ಅಂತ ಪ್ರಚಾರ ಮಾಡಿದರು. ನಮ್ಮೂರಲ್ಲಿ ಹುಟ್ಟಬೇಕಿತ್ತು ಪುಣ್ಯಾತ್ಮ.

ತಿಂಡಿಪೋತ
ಹಾಗಾದರೆ ನೆಗಡಿ ಆದಾಗ ಮೊಸರನ್ನ ತಿನ್ನಬಹುದು ಅಂತ ನೊಬೆಲ್ ಪಡೆದವರೇ ಹೇಳಿದ್ದಾರೆ. ಅಮ್ಮನಿಗೆ ತೋರಿಸುತ್ತೇನೆ.

ಇಬ್ಬರಮ್ಮ
ನೆಗಡಿ ಇದ್ದಾಗ ಮೊಸರು ತಿಂದರೆ ಕಫ ಕಟ್ಟುತ್ತದೆ. ನೊಬೆಲ್‌ನವರ ಮಗುವನ್ನು ರಾತ್ರಿಯೆಲ್ಲ ಎತ್ತಿಕೊಂಡು ಓಡಾಡಿದವರು ಯಾರು ಅಂತ ಮೊದಲು ಕೇಳಿ.

ಲ್ಯಾಬ್‌ಕೋಟು
ಹಾಲು ಮೊಸರಿನಿಂದ ಕಫ ಹೆಚ್ಚಾಗುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿಲ್ಲ. ಬಾಯಲ್ಲಿ ಎಂಜಲು ಸೇರಿ ಗಟ್ಟಿ ಅನ್ನಿಸುತ್ತದೆ ಅಷ್ಟೇ. ಈ ಜಗಳಕ್ಕೆ ನಾನು ಇನ್ನು ಬರುವುದಿಲ್ಲ, ನಮ್ಮ ಮನೆಯಲ್ಲೇ ಸೋತಿದ್ದೇನೆ.

ಕಷಾಯಶಾಸ್ತ್ರಿ
ಇಷ್ಟೆಲ್ಲ ಯಾಕೆ. ಮೆಣಸು, ಶುಂಠಿ, ಅರಿಶಿನ, ಅಮೃತಬಳ್ಳಿ. ಇಮ್ಯುನಿಟಿ ಬೂಸ್ಟ್ ಆದರೆ ಯಾವ ರೋಗಾಣುವೂ ಹತ್ತಿರ ಬರಲ್ಲ. ನಾಟಕದಲ್ಲಿ ಕಷಾಯಕ್ಕೆ ಹೀರೋ ಪಾತ್ರ ಕೊಡಿ.

ಕೀಲುನೋವು
ನನಗೆ ರುಮಟಾಯ್ಡ್ ಸಂಧಿವಾತ. ನನ್ನ ರೋಗನಿರೋಧಕ ಶಕ್ತಿ ಆಗಲೇ ಬೂಸ್ಟ್ ಆಗಿಯೇ ಕೂತಿದೆ, ನನ್ನ ಬೆರಳ ಕೀಲುಗಳ ಮೇಲೆ. ಡಾಕ್ಟರು ಅದನ್ನು ಇಳಿಸಲು ಮಾತ್ರೆ ಕೊಡುತ್ತಿದ್ದಾರೆ. ಪ್ರತಿ ಸಮಾರಂಭದಲ್ಲೂ ಯಾರಾದರೂ ಬಂದು "ಇಮ್ಯುನಿಟಿ ಜಾಸ್ತಿ ಮಾಡ್ಕೊಳಿ" ಅಂತ ಬುದ್ಧಿ ಹೇಳುತ್ತಾರೆ. ಕೈ ಮುಗಿಯೋಣ ಅಂದರೆ ಬೆಳಗಿನ ಹೊತ್ತು ಕೈ ಮಡಚಲೂ ಆಗಲ್ಲ.

ಮೇಷ್ಟ್ರೇ, ನನ್ನ ಕಾಯಿಲೆಗೂ ಒಂದು ಸೀನ್ ಇಡಿ. ಬೀಗರನ್ನೇ ಕಳ್ಳರು ಅಂತ ಕಟ್ಟಿಹಾಕಿದ ಮನೆಯವರು.

ಲ್ಯಾಬ್‌ಕೋಟು
ಇದಾಗದಂತೆ ತಡೆಯಲು ಮೈಯೊಳಗೆ ಒಂದು ಶಾಲೆ ಇದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಟಿ ಕೋಶ ಅನ್ನುವ ಬಿಳಿ ರಕ್ತಕಣಗಳು ಅಲ್ಲಿ ಪರೀಕ್ಷೆ ಬರೆಯಬೇಕು. ನಮ್ಮವರ ಗುರುತೇ ಹತ್ತದಿದ್ದರೆ ಫೇಲು. ನಮ್ಮವರ ಮೇಲೆ ಜೋರಾಗಿ ಎಗರಿದರೂ ಫೇಲು. ಫೇಲಾದರೆ ಮರಣ, ಸಪ್ಲಿಮೆಂಟರಿ ಇಲ್ಲ. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಕೋಶಗಳು ಪಾಸಾಗುವುದೇ ಇಲ್ಲ. ಇಷ್ಟು ಕಟ್ಟುನಿಟ್ಟು ಇದ್ದರೂ ಕೆಲವರು ನುಸುಳಿಕೊಂಡು ಬರುತ್ತಾರೆ. ಕೀಲುನೋವು ಅವರ ಮನೆಯಲ್ಲಿ ಆಗಿರುವುದು ಬಹುಶಃ ಅಂಥವರಿಂದ.

ಬೋರ್ಡ್‌ಡಸ್ಟರ್
ಎಂಟನೇ ಕ್ಲಾಸಿನವರಿಗೆ ಈ ಶಾಲೆ ಸೀನ್ ತೋರಿಸಿದರೆ ಮಾರನೇ ದಿನ ಯಾರೂ ಬರಲ್ಲ ಮೇಡಂ. ಕಾವಲಿಗೆ ಯಾರಿದ್ದಾರೆ? "ನೀವು ಯಾರ ಕಡೆ" ಅಂತ ಕೇಳುವವರು?

ಲ್ಯಾಬ್‌ಕೋಟು
ಎರಡು ಜನ. ನಮ್ಮ ಪ್ರತಿ ಕೋಶವೂ ಒಳಗೆ ಏನು ಬೇಯುತ್ತಿದೆ ಅಂತ ಸ್ವಲ್ಪ ಸ್ವಲ್ಪ ತಟ್ಟೆಯಲ್ಲಿ ಹಾಕಿ ಬಾಗಿಲ ಹೊರಗೆ ಹಿಡಿಯುತ್ತದೆ. ಕೊಲ್ಲುವ ಟಿ ಕೋಶ ಬಂದು ರುಚಿ ನೋಡುತ್ತದೆ. ವೈರಸ್‌ನ ಚೂರು ಸಿಕ್ಕಿದರೆ ಆ ಅಡುಗೆಮನೆಯನ್ನೇ ಮುಚ್ಚಿಸುತ್ತದೆ. ಇದು ಗೊತ್ತಿರುವ ಕೆಲವು ವೈರಸ್‌ಗಳು ತಟ್ಟೆಯನ್ನೇ ಬಚ್ಚಿಡುತ್ತವೆ. ಆಗ ಎರಡನೆಯವನು ಬರುತ್ತಾನೆ, ನ್ಯಾಚುರಲ್ ಕಿಲ್ಲರ್ ಕೋಶ. ಅವನಿಗೆ ರುಚಿಗಿಚಿ ಗೊತ್ತಿಲ್ಲ. "ತಟ್ಟೆ ಎಲ್ಲಿ?" ಅಂತಾನೆ. ತಟ್ಟೆ ಇಲ್ವಾ? ಬಿತ್ತು ಏಟು.

ಔಷಧಿಅಂಗಡಿ
ಎರಡನೆಯವನು ನಮ್ಮ ಸೋದರಮಾವನ ಹಾಗೇ ಇದ್ದಾನೆ.

ಹಳೇಮೈಸೂರು
ಇಲ್ಲಿ ಡೆಂಡ್ರಿಟಿಕ್ ಕೋಶ ಬಿಟ್ಟುಹೋಯಿತು. ಅವನು ಕಳ್ಳನ ಅಂಗಿ ಚೂರು ಹರಿದುಕೊಂಡು ದುಗ್ಧಗ್ರಂಥಿಯವರೆಗೆ ಓಡಿ ಎಲ್ಲರಿಗೂ ತೋರಿಸುವವನು. ಗಂಟಲು ನೋವಾದಾಗ ಕತ್ತಿನಲ್ಲಿ ಗಂಟು ಕೈಗೆ ಸಿಗುವುದು ಅಲ್ಲಿ ಸಭೆ ಸೇರಿರುವುದಕ್ಕೇ. ಡೆಂಡ್ರಿಟಿಕ್ ಕೋಶವನ್ನು 1973ರಲ್ಲಿ ಕಂಡುಹಿಡಿದವರಲ್ಲಿ ಒಬ್ಬರು ರಾಲ್ಫ್ ಸ್ಟೈನ್‌ಮನ್. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಪಾಪ, ಅವರು ಮೂರು ದಿನ ಮೊದಲೇ ತೀರಿಕೊಂಡಿದ್ದರು. ಕಮಿಟಿಗೆ ಗೊತ್ತಿರಲಿಲ್ಲ. ಕೊನೆಗೆ ಬಹುಮಾನ ಹಾಗೇ ಉಳಿಸಿಕೊಟ್ಟರು.

ಉಣುಗುಕಾಟ
ಸಾಗರದ ಕಡೆಯವನು ನಾನು. ನಿಮ್ಮ ಕಳ್ಳರ ಪಟ್ಟಿಯಲ್ಲಿ ಉಣುಗು ಇಲ್ಲವಲ್ಲ! ತೋಟದಿಂದ ಬಂದು ಸ್ನಾನಕ್ಕೆ ಹೋದಾಗಲೇ ಗೊತ್ತಾಗೋದು ಅದು ಕಚ್ಚಿಕೊಂಡಿದೆ ಅಂತ. ಅಷ್ಟು ಹೊತ್ತು ತುರಿಕೆ ಇಲ್ಲ, ನೋವಿಲ್ಲ. ಇದು ಹೇಗೆ?

ಲ್ಯಾಬ್‌ಕೋಟು
ಅದರ ಎಂಜಲಿನಲ್ಲಿ ಇದೆ ಗುಟ್ಟು. ರಕ್ತ ಹೆಪ್ಪುಗಟ್ಟದ ಹಾಗೆ ಒಂದು, ತುರಿಕೆ ತರುವ ಹಿಸ್ಟಮಿನ್ ಹಿಡಿದಿಡಲು ಒಂದು, ನಮ್ಮ ಕಾವಲುಗಾರರು ಕೂಗದ ಹಾಗೆ ಮತ್ತೊಂದು. ವಾಲಗದವರಿಂದ ಹಿಡಿದು ಬಾಗಿಲಲ್ಲಿ ಪನ್ನೀರು ಎರಚುವವರವರೆಗೆ ಎಲ್ಲರಿಗೂ ನಿದ್ದೆ ಬರಿಸಿ ಊಟಕ್ಕೆ ಕೂರುವ ಅತಿಥಿ.

ಉಣುಗುಕಾಟ
ನಗು ಬರುತ್ತದೆ, ಆದರೆ ನಮ್ಮ ಕಡೆ ಅದು ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಕಂಡದ್ದು, ಪ್ರಪಂಚದ ಪುಸ್ತಕಗಳಲ್ಲೆಲ್ಲ ಕ್ಯಾಸನೂರು ಅಂತಲೇ ಹೆಸರು. ಊರಿಗೆ ಹೆಸರು ಬಂತು, ಬಂದ ದಾರಿ ಮಾತ್ರ ಹೀಗೆ. ಕಾಡಲ್ಲಿ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಯವರಿಗೆ ಹೇಳಿ.

ಕೀಲುನೋವು
ಜ್ವರದ ಪಾತ್ರ ಯಾರೂ ಹೇಳಲಿಲ್ಲ.

ಹಳೇಮೈಸೂರು
ಜ್ವರ ಅಡುಗೆ ಭಟ್ಟರು. ಕರೆಯದವರು ಬಂದಿದ್ದಾರೆ ಅಂತ ಸುದ್ದಿ ಬಂದ ಕೂಡಲೇ ಮಿದುಳಿನ ಹೈಪೊಥಾಲಮಸ್ "ಒಲೆ ಜಾಸ್ತಿ ಮಾಡಿ" ಅನ್ನುತ್ತದೆ. ಬೇಕಾದ ಬಿಸಿ 102 ಅಂತ ನಿಗದಿ, ಮೈ ಇನ್ನೂ 99ರಲ್ಲಿದೆ. ಅದಕ್ಕೇ ಜ್ವರ ಏರುವಾಗ ಚಳಿ. ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟ. ಪ್ಯಾರಸಿಟಮಾಲ್ ಬಂದು ಭಟ್ಟರ ಕೈ ಹಿಡಿಯುತ್ತದೆ, ಆಗ ಬೆವರು.

ಜ್ವರವನ್ನೇ ಔಷಧಿ ಮಾಡಿದವರೂ ಇದ್ದರು. ವಿಯೆನ್ನಾದ ವಾಗ್ನರ್ ಯೌರೆಗ್ 1917ರಲ್ಲಿ ಮಿದುಳಿಗೆ ಸಿಫಿಲಿಸ್ ಏರಿದ್ದ ರೋಗಿಗಳಿಗೆ ಬೇಕೆಂದೇ ಮಲೇರಿಯಾ ಹತ್ತಿಸಿದರು. ಜ್ವರ ಚೆನ್ನಾಗಿ ಬರಲಿ ಅಂತ ಬಿಟ್ಟು, ಆಮೇಲೆ ಕ್ವಿನೈನ್ ಕೊಡೋದು. ಕೆಲವರು ಆ ಮಲೇರಿಯಾಕ್ಕೇ ಸತ್ತರು. ಆದರೂ 1927ರಲ್ಲಿ ನೊಬೆಲ್ ಸಿಕ್ಕಿತು. ಪೆನಿಸಿಲಿನ್ ಬಂದ ಮೇಲೆ ಈ ಆಟ ನಿಂತಿತು.

ಪೇಡಾಪ್ರಿಯ
ನೀವು ಎಲ್ಲದಕ್ಕೂ ನೊಬೆಲ್ ತರ್ತೀರಲ್ಲ ಸ್ವಾಮಿ.

ಬೋರ್ಡ್‌ಡಸ್ಟರ್
ನೆನಪಿನ ಕೋಶಕ್ಕೆ ಅಜ್ಜಿ ಪಾತ್ರ ಅಂದುಕೊಂಡಿದ್ದೇನೆ. "ಇವನು ನಮ್ಮ ಜಯಮ್ಮನ ಮದುವೆಯಲ್ಲೂ ಬಂದು ಹೋಳಿಗೆ ಕದ್ದಿದ್ದ" ಅಂತ ದೂರದಿಂದಲೇ ಗುರುತು ಹಿಡಿಯುವವಳು.

ಲ್ಯಾಬ್‌ಕೋಟು
ತುಂಬ ಸರಿ. 1918ರ ಫ್ಲೂ ಕಂಡು ಬದುಕುಳಿದಿದ್ದ 91 ದಾಟಿದ ಹಿರಿಯರ ರಕ್ತವನ್ನು ಸುಮಾರು 90 ವರ್ಷ ಆದ ಮೇಲೆ ಪರೀಕ್ಷಿಸಿದರು. ಆ ವೈರಸ್ ವಿರುದ್ಧದ ಪ್ರತಿಕಾಯ ಇನ್ನೂ ಇತ್ತು. ಅದನ್ನು ತಯಾರಿಸುವ ಬಿ ಕೋಶಗಳೂ ಸಿಕ್ಕಿದವು. 2008ರಲ್ಲಿ ಪ್ರಕಟವಾದದ್ದು. ಅಜ್ಜಿಯರು ಯಾವುದನ್ನೂ ಮರೆಯಲ್ಲ.

ಅಜ್ಜಿಗೆ ಮರೆವು ತರಿಸುವ ಕಳ್ಳ ಅಂದರೆ ದಡಾರ. ದಡಾರದ ವೈರಸ್ ನೆನಪಿನ ಕೋಶಗಳಿಗೇ ಕೈ ಹಾಕುತ್ತದೆ. ಲಸಿಕೆ ಹಾಕಿಸದ 77 ಮಕ್ಕಳ ಅಧ್ಯಯನ 2019ರಲ್ಲಿ ಬಂತು. ದಡಾರ ಆದ ಮೇಲೆ ಬೇರೆ ಬೇರೆ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ನೂರಕ್ಕೆ 11ರಿಂದ 73ರಷ್ಟು ಹೋಗಿಬಿಟ್ಟಿದ್ದವು.

ತಿಂಡಿಪೋತ
ಅಜ್ಜಿ ಅಷ್ಟು ಜೋರಿದ್ದರೆ ನೆಗಡಿ ಯಾಕೆ ಮತ್ತೆ ಮತ್ತೆ ಬರುತ್ತೆ?

ಲ್ಯಾಬ್‌ಕೋಟು
ರೈನೋವೈರಸ್ ಒಂದೇ ನೂರಕ್ಕೂ ಹೆಚ್ಚು ಬಗೆ ಇದೆ. ಅಜ್ಜಿ ಒಬ್ಬನನ್ನು ಗುರುತಿಟ್ಟುಕೊಂಡರೆ ಅವನ ಅಣ್ಣತಮ್ಮಂದಿರು ಸಾಲಾಗಿ ನಿಂತಿರುತ್ತಾರೆ.

ಔಷಧಿಅಂಗಡಿ
ಅಜ್ಜಿ ಗುರುತು ಹಿಡಿದೇ ಅನಾಹುತ ಆಗೋದು ಡೆಂಗಿಯಲ್ಲಿ ಅಲ್ವಾ? ಎರಡನೇ ಸಲ ಬಂದರೆ ಜೋರು ಅಂತಾರೆ.

ಲ್ಯಾಬ್‌ಕೋಟು
ಹೌದು, ಬೇರೆ ಬಗೆಯದು ಬಂದರೆ ಆ ಅಪಾಯ ಜಾಸ್ತಿ. ಡೆಂಗಿ ನಾಲ್ಕು ಬಗೆ. ಹಳೆಯ ಪ್ರತಿಕಾಯ ಹೊಸ ಬಗೆಯನ್ನು ಹಿಡಿಯುತ್ತದೆ, ಆದರೆ ಕಟ್ಟಿಹಾಕಲು ಆಗಲ್ಲ. ಹಿಡಿದುಕೊಂಡು ನೇರ ನುಂಗುವ ಕೋಶದೊಳಗೆ ಬಿಡುತ್ತದೆ. ವೈರಸ್‌ಗೂ ಬೇಕಿದ್ದದ್ದು ಅದೇ. ಅಜ್ಜಿ "ಇವನು ಪರಿಚಯದವನು" ಅಂತ ಕೈ ಹಿಡಿದು ಉಗ್ರಾಣಕ್ಕೇ ಕರೆದುಕೊಂಡು ಹೋದ ಹಾಗೆ.

ಕಷಾಯಶಾಸ್ತ್ರಿ
ಡೆಂಗಿಗೆ ಪಪ್ಪಾಯ ಎಲೆ ರಸ. ಪ್ಲೇಟ್‌ಲೆಟ್ ರಾತ್ರೋರಾತ್ರಿ ಏರುತ್ತದೆ.

ಔಷಧಿಅಂಗಡಿ
ಶಾಸ್ತ್ರಿಗಳೇ, ಜ್ವರ ಇಳಿದು ಅಪಾಯದ ಹಂತ ದಾಟಿದ ಮೇಲೆ ಪ್ಲೇಟ್‌ಲೆಟ್ ತಾನೇ ಏರುತ್ತದೆ. ಆ ಹೊತ್ತಿಗೆ ಏನು ಕುಡಿದಿರುತ್ತೀರೋ ಅದಕ್ಕೆ ಹೆಸರು. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ್ದು. ಹೊಟ್ಟೆನೋವು, ವಾಂತಿ, ಎಲ್ಲಾದರೂ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು, ಪಪ್ಪಾಯ ಗಿಡ ಹುಡುಕಿಕೊಂಡು ಅಲ್ಲ.

ಕಷಾಯಶಾಸ್ತ್ರಿ
ಆಸ್ಪತ್ರೆಗೆ ಹೋಗಬೇಡಿ ಅಂತ ನಾನೆಲ್ಲಿ ಹೇಳಿದೆ? ದಾರಿಯಲ್ಲಿ ಕುಡಿಯಲಿ.

ಇಬ್ಬರಮ್ಮ
ನಮ್ಮ ಮಾವನವರಿಗೆ ಹೋದ ತಿಂಗಳು ಸರ್ಪಸುತ್ತು ಆಗಿತ್ತು. ಹಾವು ಹೆಡೆಗೆ ಬಾಲ ಮುಟ್ಟಿಸಿದರೆ ಮನುಷ್ಯ ಉಳಿಯಲ್ಲ ಅಂತ ಊರಲ್ಲೆಲ್ಲ ಹೆದರಿಸಿದರು. ಕೆಮ್ಮಣ್ಣು ಹಚ್ಚಿ ಗೆರೆ ಎಳೆದರು. ಇದು ಯಾವ ಕಳ್ಳ?

ಲ್ಯಾಬ್‌ಕೋಟು
ಹಳೇ ಕಳ್ಳ. ಚಿಕ್ಕಂದಿನಲ್ಲಿ ಅಮ್ಮ ಎದ್ದಿರುತ್ತದಲ್ಲ, ಅದೇ ಚಿಕನ್‌ಪಾಕ್ಸ್ ವೈರಸ್. ಮೈಮೇಲಿನ ಗುಳ್ಳೆ ಹೋದ ಮೇಲೂ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮನೆಯವರು ತೂಕಡಿಸುವಾಗ ಮತ್ತೆ ಎದ್ದು ಆ ನರದ ದಾರಿಯಲ್ಲೇ ಚರ್ಮಕ್ಕೆ ಬರುತ್ತದೆ. ನರ ಮೈಯ ಒಂದೇ ಪಕ್ಕಕ್ಕೆ ಇರುವುದರಿಂದ ಹಾವು ಸಾಮಾನ್ಯವಾಗಿ ನಡುಗೆರೆ ದಾಟಲ್ಲ. ಹೆಡೆಗೆ ಬಾಲ ಮುಟ್ಟುವ ಮಾತೇ ಇಲ್ಲ. ಗುಳ್ಳೆ ಕಂಡ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಕಣ್ಣಿನ ಹತ್ತಿರ ಬಂದರಂತೂ ಅದೇ ದಿನ ತೋರಿಸಬೇಕು.

ಬೋರ್ಡ್‌ಡಸ್ಟರ್
ಹಾಗಾದರೆ ನಾಟಕದ ಕೊನೆಗೆ ಕಳ್ಳ ಸಾಯುವುದು ಬೇಡ. ಊಟ ಮುಗಿದು ಎಲ್ಲರೂ ಹೊರಟ ಮೇಲೆ ಉಗ್ರಾಣದ ಬಾಗಿಲು ಸ್ವಲ್ಪ ಅಲ್ಲಾಡಲಿ.

ಹಳೇಮೈಸೂರು
ಉಗ್ರಾಣದಲ್ಲಿ ಕ್ಷಯವನ್ನೂ ಕೂರಿಸಿ. ನುಂಗಲು ಬಂದ ಮ್ಯಾಕ್ರೋಫೇಜ್ ಹೊಟ್ಟೆಯೊಳಗೇ ಮನೆ ಮಾಡಿಕೊಳ್ಳುವವನು ಅವನು. ನುಂಗಿಸಿಕೊಂಡ, ಜೀರ್ಣ ಆಗಲಿಲ್ಲ.

ಬಸ್‌ಸ್ಟ್ಯಾಂಡ್
ಕೊನೆಯಿಂದ ಓದಿಕೊಂಡು ಬಂದೆ. ಇದು ಯಾರ ಮದುವೆ? ಊಟ ಎಷ್ಟೊತ್ತಿಗೆ?

ತಿಂಡಿಪೋತ
ನೀವು ಯಾರ ಕಡೆ?

ಲ್ಯಾಬ್‌ಕೋಟು
ಒಬ್ಬ ಖಳನಾಯಕ ಬಾಕಿ ಇದ್ದಾನೆ. ಕುರು ತರುವ ಸ್ಟೆಫಿಲೊಕಾಕಸ್ ಆರಿಯಸ್. ಪ್ರತಿಕಾಯ ನೋಡಲು ವೈ ಆಕಾರ. ಎರಡು ತೋಳಿನಿಂದ ಕಳ್ಳನನ್ನು ಹಿಡಿದು ಬಾಲ ಹೊರಗೆ ಚಾಚಬೇಕು, ನುಂಗುವ ಕೋಶ ಆ ಬಾಲ ಹಿಡಿದು ಎಳೆದುಕೊಳ್ಳುತ್ತದೆ. ಈ ಭೂಪ ಪ್ರತಿಕಾಯದ ಬಾಲವನ್ನೇ ಹಿಡಿದು ತಲೆಕೆಳಗೆ ನೇತುಹಾಕಿಕೊಳ್ಳುತ್ತಾನೆ. ಮೈತುಂಬ ಪ್ರತಿಕಾಯ, ಒಂದೂ ಕೆಲಸಕ್ಕೆ ಬರಲ್ಲ.

ಬೋರ್ಡ್‌ಡಸ್ಟರ್
ಇದಕ್ಕೆ ನಮ್ಮ ಕಬಡ್ಡಿ ಟೀಮಿನ ಹುಡುಗ ಇದ್ದಾನೆ, ಚಿಂತೆ ಇಲ್ಲ. ಈಗ ಬೇರೆ ತೊಂದರೆ. ಹೆಡ್‌ಮಾಸ್ಟರ್‌ಗೆ ಸ್ಕ್ರಿಪ್ಟ್ ತೋರಿಸಿದೆ. ನ್ಯೂಟ್ರೋಫಿಲ್ ಪಂಚೆ ಬಿಚ್ಚುವುದು ಬೇಡ, ಹೆಗಲ ಮೇಲಿನ ಶಲ್ಯ ಎಸೆದರೆ ಸಾಕು ಅಂದರು.

ಲ್ಯಾಬ್‌ಕೋಟು
ಶಲ್ಯ ಆಗಲ್ಲ ಮೇಷ್ಟ್ರೇ. ಅದು ಮೇಲೆ ಹಾಕಿಕೊಂಡದ್ದು. ನ್ಯೂಟ್ರೋಫಿಲ್ ಎಸೆಯುವುದು ತನ್ನ ಒಳಗಿನದನ್ನು.

ಪೇಡಾಪ್ರಿಯ
ಪಂಚೆಯೂ ಮೇಲಿನದೇ ಅಲ್ವಾ ಮೇಡಂ?

ಔಷಧಿಅಂಗಡಿ
ಮೇಷ್ಟ್ರೇ, ಪಂಚೆಗೇ ನಿಲ್ಲಿಸಿ. ಒಳಗಿನದರವರೆಗೆ ಹೋದರೆ ಡಿಡಿಪಿಐ ಬರುತ್ತಾರೆ.